ಯಾರ ಹತ್ತಿರ ಯಾವ ಭಾಷೆ

ಹೋದ ವಾರ ಒಂದು ಮದುವೆ ಮಂಟಪದಲ್ಲಿ ಪಕ್ಕದ ಕುರ್ಚಿಯ ಹೆಂಗಸಿನ ಜತೆ ಮುಕ್ಕಾಲು ಗಂಟೆ ಕೊಂಕಣಿಯಲ್ಲಿ ಪಟ್ಟಾಂಗ ಹೊಡೆದೆ. ನನ್ನ ಮೊಣಕಾಲು, ಅವಳ ಸೊಂಟ, ಅಂಜಲ್ ಮೀನಿನ ರೇಟು, ಸೊಸೆಯಂದಿರು ಸಾರಿಗೆ ಹಾಕದೆ ಉಳಿಸುವ ತೆಂಗಿನಕಾಯಿ, ಎಲ್ಲ ಆಯಿತು. ಊಟಕ್ಕೆ ಏಳುವಾಗ ಆಕೆ ದೂರದಲ್ಲಿ ಓಡುತ್ತಿದ್ದ ಮೊಮ್ಮಗಳನ್ನು ಗದರಿಸಿದಳು ನೋಡಿ, ಅಚ್ಚ ತುಳುವಿನಲ್ಲಿ. ಅದೂ ನಮ್ಮ ಮನೆಯದೇ ತುಳು. ಕೇಳಿದರೆ, ನಾನು ಕೊಂಕಣಿಯವಳು ಅಂತ ತಿಳಿದುಕೊಂಡು ಪಾಪ ಅವಳು ಕಷ್ಟಪಟ್ಟು ಕೊಂಕಣಿ ಎಳೆದದ್ದಂತೆ. ನಾನು ಎಳೆದದ್ದೂ ಅದೇ ಕಾರಣಕ್ಕೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು, ಉಣ್ಣುವಾಗ ಮಾತಾಡಿದ್ದು ಪುನಃ ಕೊಂಕಣಿಯಲ್ಲೇ.

ನೀವು ಘಟ್ಟದ ಮೇಲಿನವರಾದರೆ ಇದೆಂತ ಹುಚ್ಚು ಅಂತ ಕೇಳಬಹುದು. ಹುಚ್ಚಲ್ಲ, ಮಂಗಳೂರಿನ ಕ್ರಮ. ಇಲ್ಲಿ ಒಬ್ಬರ ಹತ್ತಿರ ಮೊದಲನೇ ಸಲ ಯಾವ ಭಾಷೆಯಲ್ಲಿ ಬಾಯಿ ತೆರೆದಿರೋ ಕೊನೆಯವರೆಗೂ ಅದೇ ಭಾಷೆ. ನಮ್ಮ ಅಪ್ಪ ಬಲ್ಮಠದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಎದುರಿನ ಮೇಜಿನ ಇಬ್ಬರು ನಾಯಕ್‌ಗಳು ಒಂಬತ್ತು ವರ್ಷ ತಮ್ಮೊಳಗೆ ತುಳು ಮಾತಾಡಿಕೊಂಡಿದ್ದರು. ಒಬ್ಬರ ತಂದೆ ತೀರಿಹೋದಾಗ ಇನ್ನೊಬ್ಬರು ಮನೆಗೆ ಹೋಗಿ ನೋಡಿದರೆ ಅಲ್ಲಿ ಅಳುವುದೆಲ್ಲ ಕೊಂಕಣಿಯಲ್ಲಿ. ಹೆಸರಿನಿಂದ ತಿಳಿಯಬಾರದೇ ಅಂದರೆ, ನಾಯಕ್ ಅನ್ನುವ ಹೆಸರು ನಮ್ಮಲ್ಲಿ ತುಳುವಿನವರಲ್ಲೂ ಉಂಟು, ಕೊಂಕಣಿಯವರಲ್ಲೂ ಉಂಟು ಮಾರಾಯ್ರೆ. ಇಬ್ಬರ ಮನೆಮಾತೂ ಒಂದೇ ಅಂತ ಗೊತ್ತಾದ ಮೇಲೂ ಬೊಜ್ಜದ ಉತ್ತರಕ್ರಿಯೆ ಮುಗಿಸಿ ಕಚೇರಿಗೆ ಬಂದವರು ತುಳುವನ್ನೇ ಮುಂದುವರಿಸಿದರು.

ಈ ಕ್ರಮದಲ್ಲಿ ನಮ್ಮ ಅಜ್ಜಿಯನ್ನು ಮೀರಿಸುವವರು ನಾವಿದ್ದ ಉರ್ವದಲ್ಲಿ ಇರಲಿಲ್ಲ. ಅಜ್ಜಿ ಅಂದರೆ ಅಮ್ಮನ ಅಮ್ಮ. ಅವಳು ನಮ್ಮ ಮನೆಯಲ್ಲಿದ್ದಳು ಅನ್ನುವುದಕ್ಕಿಂತ ನಾವು ಅವಳ ಮನೆಯಲ್ಲಿದ್ದೆವು ಅನ್ನುವುದೇ ಸರಿ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಹನ್ನೊಂದು ವರ್ಷ, ಅಜ್ಜಿಗೆ ಎಪ್ಪತ್ತರ ಹತ್ತಿರ ಹತ್ತಿರ. ದಿನಾ ಬೆಳಿಗ್ಗೆ ಗಂಜಿ ಕುಡಿದು ಮಾರ್ಕೆಟ್ಟಿಗೆ ನಡೆದುಕೊಂಡು ಹೋಗುವುದು ಅವಳ ಕೆಲಸ. ಕೆಲಸ ಅಂದೆನಾ? ಅದು ಅವಳ ಅಧಿಕಾರ. ಅಲ್ಲಿ ಮೀನಿನ ಗಿರಿಜಕ್ಕನ ಹತ್ತಿರ ತುಳುವಿನಲ್ಲಿ ಜಗಳ. ಬಸಳೆ, ಹರಿವೆ ಇಟ್ಟುಕೊಂಡು ಕೂರುವ ಸಿಸಿಲಿಯಾ ಬಾಯಮ್ಮನ ಹತ್ತಿರ ಕೊಂಕಣಿಯಲ್ಲಿ ಸುಖದುಃಖ. ತಲೆಯಿಂದ ಕಾಲಿನವರೆಗೆ ಬಿಳಿ ಉಡುವ ಮೊಟ್ಟೆಯ ಮೋನು ಕಾಕನ ಹತ್ತಿರ ನಮ್ಮ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಅವರ ಆರು ಹೆಣ್ಣುಮಕ್ಕಳ ಮದುವೆಯ ಚರ್ಚೆ. ಹಿಂದೆ ಬರುವಾಗ ವಾಚನಾಲಯದ ಜಗಲಿಯಲ್ಲಿ ಪೇಪರು ಹಿಡಿದು ಕೂತಿರುವ ರಿಟೈರಾದ ಮಾಸ್ಟ್ರ ಹತ್ತಿರ ಕನ್ನಡ.

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಕನ್ನಡ ಕಲಿತದ್ದೆಲ್ಲ ಯಕ್ಷಗಾನ ಬಯಲಾಟ ನೋಡಿ. ಹಾಗಾಗಿ ಮಾಸ್ಟ್ರನ್ನು ಕಂಡದ್ದೇ ಬೆನ್ನು ನೆಟ್ಟಗೆ ಮಾಡಿ, "ಇಂದಿನ ವರ್ತಮಾನವೇನು ಮಾಸ್ತರೇ?" ಅಂತ ಕೇಳುತ್ತಿದ್ದಳು. ಮಾಸ್ಟ್ರೂ ರಸಿಕರು, ಮಂತ್ರಿಯ ಹಾಗೆ ತಲೆ ಬಾಗಿಸಿ ಪೇಪರು ಓದಿ ಹೇಳುತ್ತಿದ್ದರು. ಮನೆಗೆ ಬಂದು ಅಜ್ಜಿ ಅದನ್ನೆಲ್ಲ ನಮಗೆ ತುಳುವಿನಲ್ಲಿ ಹೇಳಬೇಕು, ಸ್ವಲ್ಪ ಉಪ್ಪುಖಾರ ಸೇರಿಸಿ.

ನಾನು ಒಮ್ಮೆ ಕೇಳಿದ್ದೆ, ಇಷ್ಟು ಭಾಷೆಯಲ್ಲಿ ಯಾರಿಗೆ ಯಾವುದು ಅಂತ ಹೇಗೆ ನೆನಪಿಟ್ಟುಕೊಳ್ತೀ ಅಂತ. ನೆನಪು ಯಾಕೆ, ಅಂದಳು ಅಜ್ಜಿ. ಬಾಯಿ ತೆರೆಯುವ ಮೊದಲು ಎದುರಿನ ಆಳಿನ ಮುಖ ನೋಡಬೇಕಂತೆ, ನೋಡಿದರೆ ನಾಲಗೆಗೆ ತಾನೇ ಗೊತ್ತಾಗ್ತದಂತೆ. ನಮ್ಮ ಮನೆಯ ಮಾತೆಲ್ಲ ತುಳು, ನಿಮಗೆ ಬೇಕಾಗಿ ನಾನು ಕನ್ನಡದಲ್ಲಿ ಬರೆಯುತ್ತಾ ಇದ್ದೇನೆ ಅಷ್ಟೆ.

ಅಂಥ ಅಜ್ಜಿಗೆ ಭಾಷೆ ತಪ್ಪಲಿಕ್ಕೆ ಸುರುವಾಯಿತು.

ಮೊದಲನೇ ಸಲ ನಾನು ಜತೆಯಲ್ಲೇ ಇದ್ದೆ. ಅವತ್ತು ಆದಿತ್ಯವಾರ. ಇಗರ್ಜಿಯಿಂದ ನೇರ ಬಂದ ಸಿಸಿಲಿಯಾ ಬಾಯಮ್ಮ ತಲೆಯ ಮೇಲಿನ ಬಿಳಿ ಬಟ್ಟೆಯನ್ನೂ ತೆಗೆಯದೆ ಬಸಳೆಯ ಹಿಂದೆ ಕೂತಿದ್ದರು. ಅಜ್ಜಿ ಎದುರಿಗೆ ಹೋಗಿ ನಿಂತು ಬ್ಯಾರಿ ಭಾಷೆಯಲ್ಲಿ ಅರ್ಧ ಡಜನ್ ಮೊಟ್ಟೆ ಕೇಳಿದಳು. ಬಾಯಮ್ಮನಿಗೆ ನಗು ತಡೆಯಲಿಲ್ಲ, ನನ್ನನ್ನು ಕೋಳಿ ಮಾಡಿದಿರಾ ಅಂತ ಕೇಳಿದರು. ಸುತ್ತಮುತ್ತ ಎಲ್ಲ ನಕ್ಕರು, ಅಜ್ಜಿಯೂ ನಕ್ಕಳು. ಆದರೆ ಹಿಂದೆ ಬರುವಾಗ ಮಾಸ್ಟ್ರ ಹತ್ತಿರ ನಿಲ್ಲಲಿಲ್ಲ.

ಆಮೇಲೆ ಗಿರಿಜಕ್ಕನಿಗೆ ಒಮ್ಮೆ ಕೊಂಕಣಿ, ಮೋನು ಕಾಕನಿಗೆ ಒಮ್ಮೆ ಬಯಲಾಟದ ಕನ್ನಡ. ಹೀಗೆ ಆರು ತಿಂಗಳು ಹೋಯಿತು. ಕಡೆಗೆ ಆದದ್ದು ಪಾದ್ರಿಗಳ ಸಂಗತಿ. ಬಿಳಿ ನಿಲುವಂಗಿ ಹಾಕಿಕೊಂಡು ಬಸ್ಸಿಗೆ ಕಾಯುತ್ತಾ ನಿಂತಿದ್ದ ಪಾದ್ರಿಗಳನ್ನು ಅಜ್ಜಿ ನಡುರಸ್ತೆಯಲ್ಲಿ ತಡೆದು, ಹೋದ ವಾರದ ಮೊಟ್ಟೆಯಲ್ಲಿ ಎರಡು ಕೊಳೆತದ್ದು ಕೊಟ್ಟಿದ್ದೀ, ನಿನಗೆ ನಾಚಿಕೆ ಉಂಟಾ ಅಂತ ಬ್ಯಾರಿ ಭಾಷೆಯಲ್ಲಿ ಜಾಡಿಸಿದಳು. ಆ ಪುಣ್ಯಾತ್ಮರು ಎದುರು ಮಾತಾಡದೆ, ಇನ್ನು ಹಾಗಾಗದಂತೆ ನೋಡಿಕೊಳ್ಳುತ್ತೇನೆ ಅಂತ ಕೈಮುಗಿದು ಬಸ್ಸು ಹತ್ತಿದರಂತೆ. ಬಸ್ಸಿನಲ್ಲಿ ಅಪ್ಪನ ಕಚೇರಿಯ ಜವಾನನಿದ್ದ. ಅಪ್ಪ ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ಸುದ್ದಿ ಬಲ್ಮಠಕ್ಕೆ ಮುಟ್ಟಿತ್ತು.

ಎಲ್ಲರೂ ನಕ್ಕರು, ಅಮ್ಮ ಮಾತ್ರ ನಗಲಿಲ್ಲ. ಅದಕ್ಕೆ ಕಾರಣವಿತ್ತು. ಅಜ್ಜಿಯ ಅಣ್ಣ, ಅಂದರೆ ಅಮ್ಮನ ದೊಡ್ಡಮಾವ, ಕೊನೆಕೊನೆಗೆ ಅರಳುಮರಳಾಗಿ ನಮ್ಮ ಮನೆಯಲ್ಲೇ ಇದ್ದವರು. ಒಂದು ದಿನ ಊಟ ಮಾಡಿ ಹೊರಟವರು ಎರಡು ದಿನ ಪತ್ತೆಯಿಲ್ಲ. ಪಡೀಲಿನಲ್ಲಿ ರೈಲಿನ ಹಳಿಯ ಪಕ್ಕ ಕೂತಿದ್ದರಂತೆ, ಹೆಸರು ಕೇಳಿದರೆ ಹೆಸರು ಗೊತ್ತಿಲ್ಲ. ಅವರ ಮೈ ಒರೆಸಿ, ಅನ್ನ ತಿನ್ನಿಸಿ, ಕೊನೆಯವರೆಗೆ ನೋಡಿಕೊಂಡದ್ದು ಅಮ್ಮ. ಆ ದೊಡ್ಡಮಾವನಿಗೂ ಸುರುವಾದದ್ದು ಒಬ್ಬರನ್ನು ಇನ್ನೊಬ್ಬರು ಅಂತ ಮಾತಾಡಿಸಿದ್ದರಿಂದಲೇ. ಅಮ್ಮನ ಹೆದರಿಕೆ ಸುಳ್ಳಿನ ಹೆದರಿಕೆ ಆಗಿರಲಿಲ್ಲ.

ಅಮ್ಮ ನನ್ನನ್ನು ಅಜ್ಜಿಯ ಹಿಂದೆ ಸಿಐಡಿ ಕೆಲಸಕ್ಕೆ ಹಾಕಿದಳು. ನನಗೆ ಎಂತ ಹೇಳುವುದು, ಆ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಹುದ್ದೆ ಉಂಟಾ? ಕಳ್ಳಹೆಜ್ಜೆ ಇಟ್ಟು, ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು, ಸಿಕ್ಕಿದ್ದನ್ನೆಲ್ಲ ಅಡುಗೆಮನೆಗೆ ವರದಿ ಒಪ್ಪಿಸುತ್ತಿದ್ದೆ. ಒಂದು ದಿನ ಸಂಜೆ ಹಿತ್ತಲಿನ ಮೆಟ್ಟಿಲಲ್ಲಿ ಅಜ್ಜಿ ಒಬ್ಬಳೇ ಕೂತು ಪಿಸಪಿಸ ಮಾತಾಡುತ್ತಿದ್ದಳು. ಹತ್ತಿರ ಹೋಗಿ ಕೇಳಿದೆ. ಗಿರಿಜನಿಗೆ ತುಳು, ಬಾಯಮ್ಮನಿಗೆ ಕೊಂಕಣಿ, ಮೋನುವಿಗೆ ಬ್ಯಾರಿ, ಮಾಸ್ಟ್ರಿಗೆ ಕನ್ನಡ. ಮುಗಿಯಿತೋ, ಪುನಃ ಮೊದಲಿನಿಂದ. ನಡುನಡುವೆ ಅವರವರ ಭಾಷೆಯಲ್ಲಿ ಒಂದೊಂದು ವಾಕ್ಯ, ಸರಿಯಾಯಿತಾ ಅಂತ ತನ್ನಷ್ಟಕ್ಕೇ ಕೇಳಿಕೊಳ್ಳುವುದು. ನಾನು ಮಗ್ಗಿ ಬಾಯಿಪಾಠ ಮಾಡುವುದೂ ಹಾಗೆಯೇ. ಆದರೂ ನನಗೆ ಅದು ಹೊಳೆಯಲಿಲ್ಲ. ಓಡಿಹೋಗಿ, ಅಜ್ಜಿ ಒಬ್ಬಳೇ ಮಾತಾಡ್ತಾಳೆ, ಅದೂ ನಾಲ್ಕು ಭಾಷೆಯಲ್ಲಿ, ಅಂತ ಅಮ್ಮನಿಗೆ ಹೇಳಿಬಿಟ್ಟೆ.

ಮರುದಿನದಿಂದ ಅಜ್ಜಿಗೆ ಮಾರ್ಕೆಟ್ಟು ಬಂದ್ ಆಯಿತು. ಆ ವರದಿ ಒಪ್ಪಿಸಿದ ಬಾಯಿಯನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಅಮ್ಮ ಮಾಡಿದ್ದೆಲ್ಲ ಪ್ರೀತಿಯಿಂದಲೇ. ನೀನು ಕೂತ್ಕೋ ಅಮ್ಮ, ನಿನಗೆ ಯಾಕೆ ಬೇಕು, ಅಂತ ಒಂದೊಂದೇ ಕೆಲಸ ಕೈಯಿಂದ ತೆಗೆದಳು. ತೆಂಗಿನಕಾಯಿ ತುರಿಯುವುದು ಬೇಡ, ಕೈ ತಾಗೀತು. ಒಲೆಯ ಹತ್ತಿರ ಬೇಡ, ಸೆರಗಿಗೆ ಕಿಡಿ ಹಾರೀತು. ಬಾವಿಕಟ್ಟೆ ಅಂತೂ ಬೇಡವೇ ಬೇಡ. ಮಾತಾಡುವಾಗ ಅಮ್ಮನ ದನಿಯೂ ಬದಲಾಯಿತು, ಒಂದೊಂದೇ ಶಬ್ದ ಬಿಡಿಸಿ ಬಿಡಿಸಿ, ಮಗುವಿಗೆ ಹೇಳುವ ಹಾಗೆ. ಅಜ್ಜಿ ಮೊದಲು ಹಾರಾಡಿದಳು, ಆಮೇಲೆ ಗೊಣಗಿದಳು, ಆಮೇಲೆ ಅದೂ ನಿಂತಿತು.

ಮೂರು ತಿಂಗಳು. ಅಷ್ಟು ಸಾಕಾಯಿತು ನೋಡಿ. ಹಗಲು ನಿದ್ದೆ ಮಾಡಲಿಕ್ಕೆ ಹಿಡಿದಳು. ಇವತ್ತು ಯಾವ ಮೀನು ಅಂತ ಕೇಳುವುದನ್ನು ಬಿಟ್ಟಳು. ತಲೆ ಬಾಚಿಕೊಳ್ಳಲು ಹೇಳಬೇಕಾಯಿತು. ಇವತ್ತು ಸೋಮವಾರವಾ ಅಂತ ಕೇಳಿದವಳು ನಾವು ಅಲ್ಲ ಅಂದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಪುನಃ ಅದನ್ನೇ ಕೇಳುತ್ತಿದ್ದಳು. ದಿನಾ ಮಾರ್ಕೆಟ್ಟಿಗೆ ಹೋಗುವವಳಿಗೆ ವಾರ ಗೊತ್ತಿರುವುದು ದೊಡ್ಡ ಸಂಗತಿಯಲ್ಲ, ಜಗಲಿಯಲ್ಲಿ ಕೂತವಳಿಗೆ ಎಲ್ಲ ವಾರವೂ ಒಂದೇ. ಈಗ ಹಿರಿಯ ನಾಗರಿಕರ ಕೂಟಗಳಲ್ಲಿ ಡಾಕ್ಟರುಗಳು ಬಂದು ಭಾಷಣ ಮಾಡುತ್ತಾರೆ: ನಡೆಯಿರಿ, ಜನರ ಜತೆ ಬೆರೆಯಿರಿ, ತಲೆಗೆ ಕೆಲಸ ಕೊಡಿ, ಮೀನು ತರಕಾರಿ ತಿನ್ನಿ, ಕಣ್ಣು ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಅಂತ. ನಾನು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತೇನೆ. ಆದರೆ ಆ ಕಾಲದಲ್ಲಿ ನಮಗೆ ಯಾರೂ ಹೇಳಿದವರಿಲ್ಲ. ಮುದುಕರನ್ನು ಕೂರಿಸುವುದೇ ಸೇವೆ ಅಂತ ನಾವು ತಿಳಿದಿದ್ದೆವು. ನೋಡಿ, ನಾನು ಹೇಳಿರಲಿಲ್ವಾ, ಅಂತ ಅಮ್ಮ ಅಜ್ಜಿಯ ಆ ಅವಸ್ಥೆ ಕಂಡು ಅಪ್ಪನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು.

ಈ ನಡುವೆ ಒಂದು ದಿನ ಗಿರಿಜಕ್ಕ ಮೀನಿನ ಬುಟ್ಟಿ ಹೊತ್ತುಕೊಂಡು ನಮ್ಮ ಮನೆಯ ತನಕ ಬಂದಳು. ಅಜ್ಜಿ ಬಾರದೆ ವ್ಯಾಪಾರದಲ್ಲಿ ರುಚಿಯೇ ಇಲ್ಲ, ಬೈಯಲಿಕ್ಕೆ ಜನ ಇಲ್ಲ ಅಂದಳು. ಅವಳು ಗೇಟಿನಲ್ಲಿ ನಿಂತು ಕೂಗಿದ್ದೇ ತಡ, ಜಗಲಿಯಲ್ಲಿ ತೂಕಡಿಸುತ್ತಿದ್ದ ಅಜ್ಜಿ ತುಳುವಿನಲ್ಲಿ ಸರಿಯಾಗಿ ಉತ್ತರ ಕೊಟ್ಟಳು. ಬಂಗುಡೆಯ ಕಿವಿರಿಗೆ ಬೆರಳು ಹಾಕಿ ನೋಡಿ, ಇದು ನಿನ್ನೆಯದ್ದು, ನನಗೆ ಮೂಗಿಲ್ಲ ಅಂತ ಮಾಡಿದ್ದೀಯಾ ಅಂತ ದಬಾಯಿಸಿದಳು. ಆ ಹತ್ತು ನಿಮಿಷ ಅಜ್ಜಿ ಮೊದಲಿನ ಅಜ್ಜಿಯೇ. ಗಿರಿಜಕ್ಕ ಹೋದದ್ದೇ ಪುನಃ ಗೋಡೆಗೆ ಒರಗಿದಳು. ನಾನು ಅದನ್ನೂ ವರದಿ ಮಾಡಿದೆ, ಅಮ್ಮ ಆ ವರದಿಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲ್ಲ ತಿರುಗಿದ್ದು ಅಪ್ಪನ ಅಂಗಿಯಿಂದ. ಅಪ್ಪನ ಬಿಳಿ ಅಂಗಿಯೊಂದನ್ನು ತೊಳೆದು ಅಂಗಳದಲ್ಲಿ ಬಟ್ಟೆ ಒಣಗಿಸುವ ಬಳ್ಳಿಗೆ ತೂಗಹಾಕಿದ್ದರು, ಕೆಳಗೆ ಅವರದೇ ಬಿಳಿ ಪಂಚೆ. ನಾನು ಶಾಲೆಯಿಂದ ಬರುವಾಗ ಅಜ್ಜಿ ಆ ಅಂಗಿಯ ಎದುರು ನಿಂತು ಮಾತಾಡುತ್ತಾ ಇದ್ದಳು. ಅಳಿಯನ ಹತ್ತಿರ ಅವಳಿಗೆ ಭಾರಿ ಮರ್ಯಾದೆ. ತುಳುವಿನಲ್ಲಿ ಬಹುವಚನವೇ ಆಗಬೇಕು, ದನಿ ತಗ್ಗಬೇಕು, ಸೆರಗು ಹೆಗಲ ಮೇಲೆ ಬರಬೇಕು. ಅಂಗಿಗೂ ಅದೆಲ್ಲ ಸಂದಿತು. ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ, ಆಸರಿಗೆ ಕುಡಿಯಲಿಕ್ಕೆ ಎಂತ ಬೇಕು, ಅಂತ ಕೇಳುತ್ತಿದ್ದಳು. ಅಂಗಿ ಗಾಳಿಗೆ ತೋಳು ಆಡಿಸಿತು.

ನಾನು ಚೀಲ ಅಂಗಳಕ್ಕೆ ಹಾಕಿ ಬಿದ್ದು ಬಿದ್ದು ನಕ್ಕೆ. ನಗುವುದು ಅರ್ಧದಲ್ಲೇ ನಿಂತಿತು. ಮಾತೆಲ್ಲ ಸರಿ ಉಂಟಲ್ಲ, ಅನಿಸಿತು. ಭಾಷೆ ಸರಿ, ಬಹುವಚನ ಸರಿ, ಕೇಳಬೇಕಾದ ಪ್ರಶ್ನೆಯೂ ಸರಿ. ಆಳು ಮಾತ್ರ ತಪ್ಪು. ಅಳಿಯ ಯಾರು, ಅವರ ಹತ್ತಿರ ಹೇಗೆ ಮಾತಾಡಬೇಕು ಅಂತ ಗೊತ್ತಿರುವವಳಿಗೆ ಅಂಗಿ ಯಾಕೆ ಅಳಿಯನಾಯಿತು? ಮನೆಯಲ್ಲಿ ಎಲ್ಲರದ್ದೂ ತುಳು, ತಪ್ಪಿದರೂ ನಮಗೆ ಗೊತ್ತಾಗುವುದಿಲ್ಲ. ಗಿರಿಜಕ್ಕ ಗೇಟಿನಲ್ಲಿ ನಿಂತು ತಾನಾಗಿ ಕೂಗಿದ ದಿನ ತಪ್ಪಿರಲಿಲ್ಲ. ಯಾರಾದರೂ ಮಾತಾಡದೆ ಸುಮ್ಮನೆ ನಿಂತಾಗಲೇ ಎಲ್ಲ ಕೆಟ್ಟದ್ದು. ಸಿಐಡಿ ಬುದ್ಧಿಗೆ ಅಷ್ಟು ತಡವಾಗಿಯಾದರೂ ಹೊಳೆಯಿತು.

ಅಜ್ಜಿಯನ್ನು ಜಗಲಿಗೆ ಕರೆತಂದು ಎದುರಿಗೆ ಕೂತೆ. ನನ್ನ ಮುಖ ಕಾಣ್ತದಾ ಅಂತ ಕೇಳಿದೆ. ಎರಡನೇ ಸಲ ಕೇಳಿದಾಗ ನನ್ನ ಕೈ ಹಿಡಿದುಕೊಂಡಳು.

"ಯಾರಿಗೂ ಹೇಳ್ಬೇಡ ಬಾಲೆ. ಒಂದು ವರ್ಷ ಆಯ್ತು, ಯಾರಿಗೂ ಮುಖ ಇಲ್ಲ. ಬರೀ ಬಿಳಿ, ಬರೀ ಕಪ್ಪು. ನನ್ನ ಅಣ್ಣನೂ ಹೀಗೇ ಹೇಳ್ತಿದ್ದ, ಮುಖ ಗೊತ್ತಾಗುದಿಲ್ಲ ಅಂತ. ಮರೆವು ಅಂದ್ರೆ ಇದೇ ಅಂತ ತಿಳ್ಕೊಂಡೆ."

ಹಿತ್ತಲ ಮೆಟ್ಟಿಲಲ್ಲಿ ಅವಳು ಗುಟ್ಟಾಗಿ ಪಾಠ ಒಪ್ಪಿಸಿಕೊಳ್ಳುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ತಲೆ ಹೋಗ್ತಾ ಉಂಟು ಅಂತ ಒಂದು ವರ್ಷ ಒಬ್ಬಳೇ ಹೆದರಿಕೊಂಡು, ಹೋಗದ ಹಾಗೆ ಒಬ್ಬಳೇ ಹಿಡಿದುಕೊಂಡು ಕೂತಿದ್ದಳು. ಯಾರಿಗೂ ಹೇಳಬೇಡ ಅಂದದ್ದನ್ನು ನಾನು ಐದೇ ನಿಮಿಷದಲ್ಲಿ ಅಮ್ಮನಿಗೆ ಹೇಳಿದೆ. ನನ್ನ ಸಿಐಡಿ ಉದ್ಯೋಗದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಅಪ್ಪ ಮರುದಿನ ರಜೆ ಹಾಕಿ ಅಜ್ಜಿಯನ್ನು ಬಲ್ಮಠದ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಅಮ್ಮ ಮತ್ತು ನಾನೂ ಬಸ್ಸಿನಲ್ಲಿ ಜತೆಗೆ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎರಡು ಕಣ್ಣಿನಲ್ಲೂ ಪೊರೆ ಬೆಳೆದು ಹಣ್ಣಾಗಿದೆ, ಇಷ್ಟು ದಿನ ಇವರು ನಡೆದಾಡಿದ್ದೇ ಆಶ್ಚರ್ಯ ಅಂದರು. ಮನೆಯೊಳಗೆ ಕೈಯೇ ಕಣ್ಣಾಗಿತ್ತು, ನಮಗೆ ಹೇಗೆ ಗೊತ್ತಾಗಬೇಕು? ಆಪರೇಷನ್ ಮಾಡಿದರೆ ದಪ್ಪ ಕನ್ನಡಕದಲ್ಲಿ ಕಾಣಬಹುದು, ಆದರೆ ಈ ವಯಸ್ಸಿನಲ್ಲಿ ಭರವಸೆ ಕೊಡಲಾರೆ ಅಂತಲೂ ಹೇಳಿದರು. ಅಮ್ಮ ಮೆಲ್ಲಗೆ ತಲೆಯ ವಿಷಯ ಕೇಳಿದಳು. ಅದು ನನ್ನ ಇಲಾಖೆ ಅಲ್ಲ, ಪೊರೆ ತೆಗೆದ ಮೇಲೆ ನೀವೇ ನೋಡಿ ಹೇಳಿ ಅಂದರು ಡಾಕ್ಟರು. ಅಷ್ಟರವರೆಗೆ ಇವರನ್ನು ಮನೆಯಲ್ಲಿ ಕೂರಿಸಬೇಡಿ, ಯಾರಾದರೂ ಕೈ ಹಿಡಿದು ದಿನಾ ನಡೆಸಿ, ಜನರ ಜತೆ ಮಾತಾಡಲಿಕ್ಕೆ ಬಿಡಿ ಅಂತ ಕಟ್ಟುನಿಟ್ಟಾಗಿ ಹೇಳಿದರು. ಅಮ್ಮ ತಲೆ ತಗ್ಗಿಸಿದಳು.

ಆಪರೇಷನ್ ಅಂದರೆ ಅಮ್ಮನಿಗೆ ಹೆದರಿಕೆ. ಇದ್ದದ್ದೂ ಹೋದರೆ ಎಂತ ಮಾಡುವುದು ಅಂತ ದಾರಿಯುದ್ದಕ್ಕೂ ಅದೇ. ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಅಜ್ಜಿ ಉರ್ವ ಬರುವ ಮೊದಲು ಅಮ್ಮನ ಹೆಸರು ಹಿಡಿದು ಒಂದು ಮಾತು ಹೇಳಿ ವಿಷಯ ಮುಗಿಸಿದಳು.

"ಕುರುಡಿ ಆದ್ರೆ ಆಗ್ಲಿ ಲೀಲಾ. ಹುಚ್ಚಿ ಅಲ್ಲ ಅಂತ ಗೊತ್ತಾದ್ರೆ ಸಾಕು."

ಮುಂದಿನದ್ದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದು ನನಗೆ ಇಷ್ಟವಿಲ್ಲ. ಆಪರೇಷನ್ ಸುಸೂತ್ರ ಆಯಿತು. ಗಾಜಿನ ಲೋಟದ ಅಡಿಯಷ್ಟು ದಪ್ಪದ ಕನ್ನಡಕ ಬಂತು. ಅದನ್ನು ಹಾಕಿಕೊಂಡ ದಿನ ಅಜ್ಜಿ ಎಲ್ಲರ ಮುಖವನ್ನೂ ಹತ್ತಿರ ಎಳೆದು ನೋಡಿ, ನಾನು ಕಪ್ಪಾಗಿದ್ದೇನೆ ಅಂತಲೂ ಅಪ್ಪನ ಮೀಸೆ ಬೆಳ್ಳಗಾಗಿದೆ ಅಂತಲೂ ತೀರ್ಪು ಕೊಟ್ಟಳು. ಪಾದ್ರಿಗಳನ್ನು ಹುಡುಕಿಕೊಂಡು ಹೋಗಿ ಕೊಂಕಣಿಯಲ್ಲಿ ಕ್ಷಮೆ ಕೇಳಿದಳು, ಅವರು ಮೊಟ್ಟೆ ಈಗ ಹೇಗಿದೆ ಅಂತ ವಿಚಾರಿಸಿದರಂತೆ. ಆಮೇಲೆ ಹನ್ನೊಂದು ವರ್ಷ, ಅರುವತ್ತರ ದಶಕ ಪೂರ್ತಿ, ಅವಳ ಮಾರ್ಕೆಟ್ಟು ತಪ್ಪಲಿಲ್ಲ. ಎಪ್ಪತ್ತೈದು ದಾಟಿದ ಮೇಲೆ ಮಾಸ್ಟ್ರ ಹತ್ತಿರ ಅಕ್ಷರ ಕಲಿಯಲು ಸುರು ಮಾಡಿ ಪೇಪರಿನ ದಪ್ಪ ಅಕ್ಷರಗಳನ್ನು ತಾನೇ ಓದುವಷ್ಟಾದಳು. ವಾರ ಯಾವುದು ಅಂತ ನಾವು ಅವಳನ್ನು ಕೇಳುತ್ತಿದ್ದೆವು. ಸಣ್ಣಪುಟ್ಟ ಮರೆವು ಇತ್ತು, ಇಲ್ಲ ಅನ್ನುವುದಿಲ್ಲ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಿದ್ದಳು, ಆ ಲೆಕ್ಕದಲ್ಲಿ ನಾನು ನಲುವತ್ತಕ್ಕೇ ಅವಳನ್ನು ಮೀರಿಸಿದ್ದೇನೆ.

ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಇದೆಲ್ಲ ಅಲ್ಲ. ಕನ್ನಡಕ ಬರುವುದಕ್ಕೂ ಮೊದಲಿನ, ಆಸ್ಪತ್ರೆಯ ಒಂದು ಸಂಜೆ.

ಆ ಕಾಲದಲ್ಲಿ ಕಣ್ಣಿನ ಆಪರೇಷನ್ ಅಂದರೆ ಸಣ್ಣ ತಪಸ್ಸಲ್ಲ. ಎರಡೂ ಕಣ್ಣಿಗೆ ಪಟ್ಟಿ, ತಲೆ ಅಲುಗದ ಹಾಗೆ ಎರಡೂ ಪಕ್ಕ ಮರಳಿನ ಚೀಲ, ಹತ್ತು ದಿನ ಮಲಗಿದಲ್ಲೇ. ಅಂಥದರಲ್ಲಿ ತಲೆ ಇನ್ನಷ್ಟು ಕೆಡಬಹುದು ಅಂತ ಅಮ್ಮ ಒಳಗೊಳಗೇ ಬೇಯುತ್ತಿದ್ದಳು. ಆದದ್ದು ಬೇರೆಯೇ. ನರ್ಸು ಕೊಂಕಣಿಯವರು, ಆಯಾ ತುಳುವಿನವಳು, ಪಕ್ಕದ ಮಂಚದಲ್ಲಿ ಬಂದರಿನ ಕಡೆಯ ಒಬ್ಬ ಬ್ಯಾರಿ ಹೆಂಗಸು, ಡಾಕ್ಟರದ್ದು ಕನ್ನಡ. ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಅಜ್ಜಿ ಅವರವರ ಭಾಷೆಯಲ್ಲಿ ಹಿಡಿದುಬಿಡುತ್ತಿದ್ದಳು. ಕಣ್ಣು ಕಟ್ಟಿದ ಎಂಟು ದಿನದಲ್ಲಿ ಒಂದೇ ಒಂದು ಸಲ ತಪ್ಪಲಿಲ್ಲ. ದಿನಾ ಸಂಜೆ ಶಾಲೆಯಿಂದ ಬಂದ ನನ್ನನ್ನು ಅಮ್ಮ ವರಾಂಡಕ್ಕೆ ಕರೆದು, ಇವತ್ತೂ ತಪ್ಪಲಿಲ್ಲ, ಅಂತ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖದಲ್ಲಿ ಸಂತೋಷವೂ ಇತ್ತು, ನೋಡಲಾಗದಂಥ ಇನ್ನೊಂದೂ ಇತ್ತು.

ಒಂಬತ್ತನೇ ದಿನ ಸಂಜೆ ಅಮ್ಮ ಮನೆಯಿಂದ ಗಂಜಿ ತೆಗೆದುಕೊಂಡು ಬಂದಳು. ನಾನು ಕಿಟಕಿಯ ಹತ್ತಿರ ಸ್ಟೂಲಿನಲ್ಲಿ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದೆ. ಅಮ್ಮ ಪಾತ್ರೆಯನ್ನು ಕೆಳಗಿಟ್ಟು ಮಂಚದ ಪಕ್ಕ ಬಂದು ನಿಂತಳು. ಎಂತದ್ದೋ ಹೇಳಲಿಕ್ಕೆ ಬಾಯಿ ತೆರೆದಳು, ಆಗಲಿಲ್ಲ. ಸುಮ್ಮನೆ ನಿಂತೇ ಇದ್ದಳು.

ಹತ್ತಿರ ಯಾರೋ ಇದ್ದಾರೆ ಅಂತ ಅಜ್ಜಿಗೆ ಗೊತ್ತಾಯಿತು. ಯಾರು ಅಂತ ಕೊಂಕಣಿಯಲ್ಲಿ ಕೇಳಿದಳು, ನರ್ಸು ಅಂತ ಎಣಿಸಿ. ಉತ್ತರ ಇಲ್ಲ. ಬ್ಯಾರಿ ಭಾಷೆಯಲ್ಲಿ ಕೇಳಿದಳು. ಇಲ್ಲ. ದನಿ ಸರಿಮಾಡಿಕೊಂಡು ಕನ್ನಡದಲ್ಲಿ, ಬಂದವರು ಯಾರು, ವೈದ್ಯರೇ, ಅಂತ ಕೇಳಿದಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ಏಳಲಿಕ್ಕೆ ಹೋದೆ, ಅಮ್ಮ ಕೈ ಅಡ್ಡ ಮಾಡಿದಳು.

ಅಜ್ಜಿ ಮಲಗಿದಲ್ಲೇ ಕಿವಿಗೊಟ್ಟಳು. ಆಮೇಲೆ ತುಳುವಿನಲ್ಲಿ, ಬಹಳ ಮೆಲ್ಲಗೆ ಹೇಳಿದಳು.

"ಲೀಲಾ, ನೀನಾ? ಮೂರು ಭಾಷೆ ಖರ್ಚು ಮಾಡಿದೆ ಮಗ. ಇನ್ನಾದ್ರೂ ಮಾತಾಡು."

ಅಮ್ಮ ಮಂಚದ ಪಕ್ಕ ನೆಲಕ್ಕೆ ಕುಸಿದು ಕೂತಳು. ಅಜ್ಜಿಯ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ದೊಡ್ಡಮಾವ ತೀರಿಹೋದಾಗಲೂ ಅವಳು ಹಾಗೆ ಅತ್ತದ್ದಿಲ್ಲ. "ಅಮ್ಮ, ನಿನ್ನ ತಲೆಗೆ ಎಂತದೂ ಆಗ್ಲಿಲ್ಲ. ನೀನು ಸರಿಯೇ ಇದ್ದಿ. ನಾನೇ ನಿನ್ನನ್ನು ಕೂರಿಸಿ ಹಾಳು ಮಾಡ್ತಾ ಇದ್ದೆ."

ಅಜ್ಜಿ ತಲೆ ಅಲುಗಿಸದೆ, ಕೈಬೆರಳಿನಿಂದಲೇ ಅಮ್ಮನ ಹಣೆ, ಕೆನ್ನೆ, ಮೂಗು ಸವರಿದಳು. ಇದು ನನ್ನ ಮಗಳೇ ಹೌದು ಅಂತ ಖಚಿತ ಮಾಡಿಕೊಳ್ಳುವವಳ ಹಾಗೆ ಪುನಃ ಪುನಃ ಸವರಿದಳು.

"ಸಾಕು, ಅಳ್ಬೇಡ. ನಿನ್ನೊಟ್ಟಿಗೆ ನಾನೂ ಅತ್ತರೆ ಪಟ್ಟಿ ಒದ್ದೆಯಾಗ್ತದೆ. ಡಾಕ್ಟ್ರು ಬೈಯುದು ನನಗೆ. ಅದೂ ಕನ್ನಡದಲ್ಲಿ."